ಲಕಮನಹಳ್ಳಿಯಲ್ಲಿ ಹಾಸಿದ ಎಲೆಗಳು

ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಗಾಂಧಿನಗರವನ್ನು ದಾಟಿದ ಮೇಲೆ, ಸತ್ತೂರು ಬರುವದಕ್ಕಿಂತ ಮುಂಚೆ, ಲಕಮನಹಳ್ಳಿಯು ಸಿಗುತ್ತದೆ. 1962ರಲ್ಲಿ ಎರಡೂ ಪಟ್ಟಣಗಳನ್ನು ಕೂಡಿಸಿ ಒಂದೇ ಪಾಲಿಕೆಯನ್ನು ರಚಿಸಿದ ತರುವಾಯ ನಡುವಿನ ಹಳ್ಳಿಗಳು ಒಂದೊಂದಾಗಿ ಪಟ್ಟಣದ ಓಣಿಗಳಾಗುತ್ತ ಬಂದವು. ಲಕಮನಹಳ್ಳಿಯಾದರೂ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿದೆ. ಒಂದು ಮಗ್ಗುಲಿಗೆ ಕೈಗಾರಿಕಾ ವಸಾಹತು. ಇನ್ನೊಂದು ಮಗ್ಗುಲಿಗೆ ಹೊಸ ಮನೆಗಳ ಸಾಲು. ಹೆದ್ದಾರಿಯ ನಡುವೆ ತಮಗಾಗಿಯೇ ಕಾದಿರಿಸಿದ ಹಾದಿಯಲ್ಲಿ ‘ಚಿಗರಿ’ ಎಂಬ ಬಸ್ಸುಗಳು ಓಡುತ್ತವೆ. ಬಸ್ಸಿಗೆ ಚಿಗರಿಯೆಂದು ಹೆಸರಿಟ್ಟವರು ರಸಿಕರೇ ಸರಿ. ಅದನ್ನೇರಿದರೆ ಕೆಲವೇ ನಿಮಿಷಗಳಲ್ಲಿ ಸತ್ತೂರು. ಅಲ್ಲಿ 2003ರಲ್ಲಿ ಆರಂಭವಾದ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಮಹಾವಿದ್ಯಾಲಯವೂ ಅದರ ದೊಡ್ಡ ಆಸ್ಪತ್ರೆಯೂ ಇವೆ. ಈ ಸಾಮೀಪ್ಯವನ್ನು ವಾಚಕರು ನೆನಪಿನಲ್ಲಿಡಬೇಕು.

ಇಲ್ಲಿ ನನ್ನ ಅಕ್ಕನ ಮಗನ ಮನೆಯಿರುವದು. ಕಳೆದ ಮಾಘದಲ್ಲಿ ನಾಲ್ಕು ದಿನ ಅಲ್ಲಿ ಇಳಿದುಕೊಂಡಿದ್ದೆನು. ಅಕ್ಕನ ಮೊಮ್ಮಗಳು ಒಂದು ಕಾರಖಾನೆಯ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ರವಿವಾರ ಮಧ್ಯಾಹ್ನ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ಕೂಡ್ರುವದನ್ನು ಕಂಡು, ಹಪ್ಪಳದ ಲೆಕ್ಕವಿರಬೇಕೆಂದು ತಿಳಿದೆನು. ಹಪ್ಪಳವಲ್ಲ, ಟ್ಯಾರೋ ಎಲೆಗಳು.

ಈ ಎಲೆಗಳು ಎಪ್ಪತ್ತೆಂಟು. ಇಪ್ಪತ್ತೆರಡು ದೊಡ್ಡವು: ಚಂದ್ರ, ಸೂರ್ಯ, ಮೃತ್ಯು, ನ್ಯಾಯ ಮುಂತಾಗಿ. ಉಳಿದ ಐವತ್ತಾರು, ಕೋಲು, ಪಾತ್ರೆ, ಖಡ್ಗ, ನಾಣ್ಯವೆಂಬ ನಾಲ್ಕು ಪಂಗಡಗಳು. ಇವಕ್ಕೆ ಈಜಿಪ್ತದ ಪುರೋಹಿತರ ರಹಸ್ಯವಿದ್ಯೆಯೆಂದು ಹೆಸರು ಹಬ್ಬಿದೆ. ಅದು ಹುರುಳಿಲ್ಲದ ಮಾತು. ಹದಿನೈದನೆಯ ಶತಮಾನದ ಇಟಲಿಯಲ್ಲಿ ಶ್ರೀಮಂತರು ಹೊತ್ತುಗಳೆಯಲು ಆಡುತ್ತಿದ್ದ ಆಟದ ಎಲೆಗಳಿವು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಬಗೆಬಗೆಯ ಗಂಜೀಫಾ ಆಟಗಳನ್ನು ಕಲ್ಪಿಸಲಿಲ್ಲವೇ, ಹಾಗೆಯೇ. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ಪಂಡಿತನು ಈಜಿಪ್ತದ ಕಥೆಯನ್ನು ಹುಟ್ಟಿಸಿದನು. ಅಲ್ಲಿಂದ ಆಟದ ಎಲೆಗಳು ಭವಿಷ್ಯದ ಎಲೆಗಳಾದವು. ಈಗ ಎಲ್ಲೆಡೆ ಕಾಣುವ ಚಿತ್ರಗಳನ್ನು 1909ರಲ್ಲಿ ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಕಾರ್ತಿಯು ಬರೆದಳು.

ನಮ್ಮಲ್ಲಿ ಇಂಥದು ಇರಲಿಲ್ಲವೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ. 1890ರಲ್ಲಿ ಮಧ್ಯ ಏಶಿಯದ ಕುಚಾ ಎಂಬಲ್ಲಿ ಬಾವರ್ ಎಂಬ ಆಂಗ್ಲ ಅಧಿಕಾರಿಗೆ ದೊರೆತ ಭೂರ್ಜಪತ್ರದ ಸಂಸ್ಕೃತ ಹಸ್ತಪ್ರತಿಯಲ್ಲಿ ಏಳು ಭಾಗಗಳಿದ್ದು, ಅವುಗಳಲ್ಲಿ ಎರಡು ಪಾಸಕಪ್ರಶ್ನೆಗೆ, ಎಂದರೆ ದಾಳ ಉರುಳಿಸಿ ಫಲ ಹೇಳುವದಕ್ಕೆ ಮೀಸಲು. ನಾಲ್ಕು ಮುಖದ ದಾಳ, ಮೂರು ಅಂಕೆಗಳು, ಅರವತ್ತುನಾಲ್ಕು ಫಲಗಳು. ಅದೇ ಪ್ರತಿಯ ಉಳಿದ ಭಾಗಗಳಲ್ಲಿ ವೈದ್ಯವೂ ಇರುವದು ಗಮನಿಸತಕ್ಕದ್ದು: ರೋಗಿಯು ಎರಡನ್ನೂ ಒಂದೇ ಬಾಗಿಲಲ್ಲಿ ಕೇಳುತ್ತಿದ್ದನೋ ಏನೋ! ಧಾರವಾಡ ತಾಲೂಕಿನ ಹನುಮನಕೊಪ್ಪದಲ್ಲಂತೂ ಹಾಸುವ ಪದ್ಧತಿಯು ಇಡೀ ಊರಿನದು. ಯುಗಾದಿ ಅಮಾವಾಸ್ಯೆಯ ಸಂಜೆ ತುಪ್ಪರಿ ಹಳ್ಳದ ದಂಡೆಯಲ್ಲಿ ಮಣ್ಣಿನ ಗೊಂಬೆಗಳನ್ನೂ, ಎಕ್ಕೆಯ ಎಲೆಯಲ್ಲಿ ಧಾನ್ಯಗಳನ್ನೂ ದಿಕ್ಕುದಿಕ್ಕಿಗೆ ಇಟ್ಟು ಬರುತ್ತಾರೆ. ಮರುದಿನ ನಸುಕಿನಲ್ಲಿ ಯಾವುದು ಸರಿದಿದೆ, ಯಾವುದು ಮುಕ್ಕಾಗಿದೆಯೆಂದು ನೋಡಿ ಮಳೆ, ಬೆಳೆ, ಆಳುವವರ ಗತಿ ಇವನ್ನೆಲ್ಲ ಹೇಳುತ್ತಾರೆ. ರಾತ್ರಿಯ ಗಾಳಿಗೂ ಇರುವೆಗೂ ರಾಜಕಾರಣ ತಿಳಿದೀತೆಂದು ನಾನು ನಂಬೆನು. ಆದರೂ ಬಿತ್ತನೆಗೆ ಮೊದಲು ಊರೆಲ್ಲ ಒಂದೆಡೆ ನಿಂತು ಕಾಳಿನ ಮಾತಾಡುವದು ಕೆಟ್ಟದ್ದೆಂದೂ ಅನ್ನಲಾರೆನು.

ಆ ರವಿವಾರ ಕಡೆಗೆ ಬಂದವಳು ಆಚೆ ಮನೆಯ ಗೃಹಿಣಿ, ನಲವತ್ತೈದರ ಆಸುಪಾಸಿನವಳು. ವೈಶಾಖದಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಮದುವೆ ನಿರ್ವಿಘ್ನವಾಗಿ ಆಗುವದೋ ಇಲ್ಲವೋ ನೋಡಬೇಕೆಂದಳು.

ಹುಡುಗಿಯು ಚಾಪೆಯ ಮೇಲೆ ಬಿಳಿ ವಸ್ತ್ರವನ್ನು ಹಾಸಿ, ಎಲೆಗಳನ್ನು ಕಲಸಿ, ಅವಳಿಂದಲೇ ಕತ್ತರಿಸಿಸಿದಳು. ನಡುವೆ ಒಂದು ಎಲೆ, ಈಗಿನ ಸ್ಥಿತಿ. ಅದರ ಮೇಲೆ ಅಡ್ಡಲಾಗಿ ಎರಡನೆಯದು, ಅಡ್ಡಿ. ಮೇಲೊಂದು, ಕೆಳಗೊಂದು, ಹಿಂದೊಂದು, ಮುಂದೊಂದು. ಬಲಗಡೆ ಕೆಳಗಿನಿಂದ ಮೇಲಕ್ಕೆ ನಾಲ್ಕು: ತಾನು, ತನ್ನ ಮನೆ, ಆಸೆಭಯಗಳು, ಕಟ್ಟಕಡೆಗೆ ಫಲ. ಹತ್ತು ಎಲೆಗಳ ಈ ಹಾಸಿಗೆ ಕೆಲ್ಟಿಕ್ ಶಿಲುಬೆಯೆಂದು ಹೆಸರು. ಎಲ್ಲವನ್ನೂ ಮಗುಚಿಯೇ ಇಟ್ಟು, ಒಂದೊಂದನ್ನೇ ತೆರೆಯುತ್ತ ಹೋದಳು. ಅವಳು ಫಲ ಹೇಳುವದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದಳು. ಒಳ್ಳೆಯ ಮಾಸ್ತರನ ಲಕ್ಷಣವಿದು.

ಒಂಬತ್ತನೆಯದು ಖಡ್ಗದ ನವಮಿ. ಕತ್ತಲೆಯಲ್ಲಿ ಹಾಸಿಗೆಯ ಮೇಲೆ ಎದ್ದು ಕುಳಿತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ ಹೆಂಗಸು. ಹಿಂದೆ ಒಂಬತ್ತು ಖಡ್ಗಗಳು. ಆ ಗೃಹಿಣಿ ಬಹಳ ಹೊತ್ತು ನೋಡಿದಳು.

“ಇಕಿ ನನ್ನಂಗ ನಿದ್ದಿಲ್ಲದ ಕುಂತಾಳಲ್ಲ,” ಎಂದಳು.

“ಯಾಕ ನಿದ್ದಿಲ್ಲ, ಕಾಕೂ?”

ನಾನು ಎದ್ದು ಹಿತ್ತಲಿಗೆ ನಡೆದೆನು. ಆದರೂ ಮಾತು ಕಿವಿಗೆ ಬಿದ್ದೇ ಬಿದ್ದಿತು. ಎದೆಯಲ್ಲಿ ಗಂಟು. ದೀಪಾವಳಿಯಿಂದ. ಗಂಡನಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿದೀತೆಂಬ ಅಂಜಿಕೆ. ಖರ್ಚಿನ ಅಂಜಿಕೆ ಬೇರೆ. ಆಸ್ಪತ್ರೆಯ ಮುಂದಿನಿಂದಲೇ ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಮದುವೆಯ ಜವಳಿ ತರುತ್ತಿದ್ದಳು.

“ಹತ್ತನೇದ ತೆಗೀಯವ್ವಾ,” ಎಂದಳು ಕಡೆಗೆ.

“ಅದನ್ನ ನಾ ತೆಗ್ಯಂಗಿಲ್ರಿ, ಕಾಕೂ. ಸತ್ತೂರಾಗ ಡಾಕ್ಟರ ತೆಗೀತಾರ. ನಾಳೆ ಮುಂಜಾನೆ ನಾನೂ ರಜಾ ಹಾಕಿ ಬರ್ತೀನಿ.”

ನಾನು ಈ ಎಲೆಗಳನ್ನು ನಂಬುವವನಲ್ಲ. ಆದರೆ ಅಂದು ಆ ಮಗುವಿನ ಕೈಯಲ್ಲಿ ಎಂಥ ಅಪಾಯವಿತ್ತೆಂಬದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಫಲದ ಎಲೆಯಲ್ಲಿ ಸೂರ್ಯನೋ ನಕ್ಷತ್ರವೋ ಬಂದು, ಎಲ್ಲ ಛಲೋ ಆಗ್ತದ ಹೋಗ್ರಿ ಎಂದಿದ್ದರೆ, ಮುಂದಿನ ದೀಪಾವಳಿಯ ವರೆಗೆ ಅವಳು ಯಾರ ಹತ್ತಿರವೂ ಬಾಯಿಬಿಡುತ್ತಿರಲಿಲ್ಲ. ಪೇಟೆಯಲ್ಲಿ ದಕ್ಷಿಣೆ ತೆಗೆದುಕೊಂಡು ಎಲೆ ಹಾಸುವ ಎಷ್ಟು ಮಂದಿ ಹತ್ತನೆಯದನ್ನು ಮಗುಚಿಯೇ ಬಿಟ್ಟಾರು? ಇನ್ನು ಮುಂದೆ ದೇಹದ ವಿಷಯಕ್ಕೆ ಹಾಸಕೂಡದೆಂದು ಹೇಳಿದೆನು. ಅವಳು ನಕ್ಕು, “ಮಂದಿ ದೇಹದ ಮಾತು ಮೊದಲಿಗೇ ಎಲ್ಲಿ ಹೇಳ್ತಾರ, ಅಜ್ಜಾ? ಮದುವೀ ಮಾತು ಅಂತ ಬರ್ತಾರ,” ಎಂದಳು. ಉತ್ತರ ತೋಚಲಿಲ್ಲ.

ಸೋಮವಾರ ಇಬ್ಬರೂ ಚಿಗರಿ ಹತ್ತಿ ಹೋದರು. ಸೂಜಿಯ ಪರೀಕ್ಷೆಯಲ್ಲಿ ಗಂಟು ಕೆಟ್ಟದ್ದೆಂದೇ ತಿಳಿಯಿತು. ಆದರೆ ಇನ್ನೂ ಬೇರೆಲ್ಲಿಯೂ ಹಬ್ಬಿರಲಿಲ್ಲ. ಫಾಲ್ಗುಣದಲ್ಲಿ ಶಸ್ತ್ರಕ್ರಿಯೆಯಾಯಿತು. ಬೀಗರಿಗೆ ಗಂಡನೇ ಹೋಗಿ ಹೇಳಿದನು. ಅವರು ಮುಹೂರ್ತವನ್ನು ಮುಂದೆ ಹಾಕೋಣವೇ ಎಂದು ಕೇಳಿದರೇ ಹೊರತು ಮತ್ತೇನೂ ಅನ್ನಲಿಲ್ಲ. ವೈಶಾಖದ ಮದುವೆಗೆ ನಾನೂ ಹೋಗಿದ್ದೆನು. ಔಷಧದಿಂದ ಕೂದಲು ಉದುರಿದ್ದರಿಂದ ತಾಯಿಯು ತಲೆತುಂಬ ಸೆರಗು ಹೊದ್ದುಕೊಂಡು ಕುರ್ಚಿಯ ಮೇಲೆ ಕುಳಿತೇ ಅಕ್ಷತೆ ಹಾಕಿದಳು. ಇನ್ನೂ ಮೂರು ಸರತಿ ಔಷಧ ಉಳಿದಿದೆಯೆಂದು ಅವಳೇ ನನಗೆ ಹೇಳಿದಳು.