ಪಿಂಚಣಿ: ಒಂದು ಪದವಿಚಾರ

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ಅವರು ತೀರಿಕೊಂಡ ಬಳಿಕ ತಾಯಿಯವರ ಪರವಾಗಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ‘ಕುಟುಂಬ ನಿವೃತ್ತಿವೇತನ’ ಎಂದು ಬರೆದು ಓದಿ ಹೇಳಿದೆ. ಅವರು, “ನಿವೃತ್ತಿ ಆದದ್ದು ಅವರಿಗೆ. ನನಗೆಲ್ಲಿ ಆಗಿದೆ? ಪಿಂಚಣಿ ಅಂತಲೇ ಬರಿ” ಎಂದರು. ಒಲೆಯ ಮುಂದೆ ಕುಳಿತು ಆಡಿದ ಆ ಮಾತು ನನ್ನನ್ನು ನಿಘಂಟಿನತ್ತ ಅಟ್ಟಿತು.

‘ಪಿಂಚಣಿ’ಯು ಇಂಗ್ಲಿಷಿನ ‘ಪೆನ್ಶನ್’ ಶಬ್ದವು ಕನ್ನಡದ ನಾಲಗೆಗೆ ಒಗ್ಗಿ, ಇಕಾರಾಂತವಾಗಿ ನಿಂತ ರೂಪ. ಕೆಲವರು ಇದನ್ನು ಸಂಸ್ಕೃತವೆಂದು ಭ್ರಮಿಸಿ ‘ಪಿಂಛಣಿ’ ಎಂದು ಮಹಾಪ್ರಾಣ ಹಚ್ಚುವುದುಂಟು. ನವಿಲುಗರಿಯ ‘ಪಿಂಛ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಮೂಲವಾದ ಲ್ಯಾಟಿನ್ ಧಾತುವಿಗೆ ತೂಗು, ತೂಗಿ ಸಲ್ಲಿಸು ಎಂಬ ಅರ್ಥಗಳಿವೆ. ಸಲ್ಲಬೇಕಾದುದನ್ನು ಸಲ್ಲಿಸುವುದೇ ಇಲ್ಲಿಯ ಭಾವ.

‘ನಿವೃತ್ತಿವೇತನ’, ‘ವಿಶ್ರಾಂತಿವೇತನ’ಗಳನ್ನು ಬಿಡಿಸಿ ನೋಡಿದರೆ ತೊಡಕು ಕಾಣುತ್ತದೆ. ವೇತನವು ದುಡಿಮೆಗೆ ಸಲ್ಲುವಂಥದು, ವಿಶ್ರಾಂತಿಗಲ್ಲ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪಿಂಚಣಿಯು ಒಡೆಯನ ಕೃಪೆಯಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ದೊರೆಯುವ ಪ್ರತಿಫಲವೆಂದು ಸ್ಪಷ್ಟಪಡಿಸಿತು. ನಮ್ಮ ಸಮಾಸಗಳು ಆ ಸೇವೆಯನ್ನು ಮರೆತು, ಸೇವೆ ನಿಂತುದನ್ನು ಮಾತ್ರ ಹೆಸರಿಸುತ್ತವೆ.

ಹಳಗನ್ನಡವು ಹೀಗೆ ಮರೆತಿರಲಿಲ್ಲ. ಹಲ್ಮಿಡಿ ಶಾಸನದ ‘ಬಾಳ್ಗಳ್ಚು’ ಕತ್ತಿ ತೊಳೆದುದಕ್ಕೆ, ಎಂದರೆ ಪರಾಕ್ರಮಕ್ಕೆ, ಸಂದ ದತ್ತಿ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ‘ನೆತ್ತರುಗೊಡಗೆ’. ಇವು ಇಂದಿನ ಅರ್ಥದ ಪಿಂಚಣಿಗಳಲ್ಲ. ಆದರೆ ಯಾವುದರ ಋಣವಾಗಿ ಕೊಟ್ಟದ್ದೆಂಬುದು ಹೆಸರಿನಲ್ಲಿಯೇ ಇದೆ. ಶಾಸನಗಳ ‘ಜೀವಿತ’ವಂತೂ ಬದುಕು ಮಾತ್ರವಲ್ಲ, ಬದುಕುವುದಕ್ಕಾಗಿ ಬಿಟ್ಟ ಭೂಮಿಯೂ ಹೌದು.

ಈ ಎರಡನೆಯ ಅರ್ಥ ನಮ್ಮ ಬಳಕೆಯಿಂದ ಜಾರಿಹೋಗಿದೆ. ತಾಯಿಯವರು ಇರುವವರೆಗೂ ಪ್ರತಿ ನವೆಂಬರಿನಲ್ಲಿ ನನ್ನ ತೋಳು ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತಿ, ‘ಜೀವಿತ ಪ್ರಮಾಣಪತ್ರ’ಕ್ಕೆ ಸಹಿ ಹಾಕುತ್ತಿದ್ದರು. ಒಂದು ಜೀವಿತವನ್ನು ತೋರಿಸಿ ಇನ್ನೊಂದು ಜೀವಿತವನ್ನು ಪಡೆಯುವ ಕ್ರಮವದು ಎಂದು ನನಗೆ ಹೊಳೆದದ್ದು ತಡವಾಗಿ. ಹೇಳಿದ್ದರೆ ಅವರು ನಗುತ್ತಿದ್ದರೇನೋ.

ಆ ಅರ್ಜಿಯ ಕರಡು ಇಂದಿಗೂ ನನ್ನಲ್ಲಿದೆ. ಅದರಲ್ಲಿ ‘ನಿವೃತ್ತಿವೇತನ’ಕ್ಕೆ ಗೆರೆ ಹೊಡೆದು, ಮೇಲೆ ‘ಪಿಂಚಣಿ’ ಎಂದು ತಿದ್ದಿದ್ದೇನೆ. ಆ ತಿದ್ದುಪಡಿ ತಾಯಿಯವರದು.