ಆ ಒಂದು ‘ಇಲ್ಲ’

ಕಳೆದ ಡಿಸೆಂಬರ್‌ನಲ್ಲಿ ಮುಂಬಯಿಯಿಂದ ಊರಿಗೆ ಹೋದ ನಾನು ಮತ್ತು ಭಾವ, ಮುರುಡೇಶ್ವರದಲ್ಲಿ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗಿದ್ದೆವು. ಮೊದಲೇ ಒಂದು ಫಾರಂ ಕೊಟ್ಟಿದ್ದರು. ಹೃದಯದ ಕಾಯಿಲೆ ಇದೆಯೇ? ಕಿವಿಯ ತೊಂದರೆ? ಉಬ್ಬಸ? ಭಾವ ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿದರು. ಡೊಂಬಿವಲಿಯ ಮನೆಯಲ್ಲಿ ಅವರ ದಿಂಬಿನ ಪಕ್ಕ ಇನ್‌ಹೇಲರ್ ಇರುವುದು ನನಗೆ ಗೊತ್ತು. “ಸುಮ್ನಿರು ಮಾರಾಯ, ಹೇಳಿದ್ರೆ ಬಿಡೋದಿಲ್ಲ” ಅಂದರು. ಸುಮ್ಮನಿದ್ದೆ.

ಸುಮಾರು ಎಂಟು ಮೀಟರ್ ಆಳದಲ್ಲಿ ಭಾವ ಎದೆ ಮುಟ್ಟಿಕೊಂಡರು. ಕಣ್ಣು ಅಗಲವಾಗಿತ್ತು. ಮೇಲಕ್ಕೆ ಚಿಮ್ಮಲು ಕಾಲು ಬಡಿಯತೊಡಗಿದರು. ಬೋಧಕ ತಕ್ಷಣ ಅವರ ತೋಳು ಹಿಡಿದ, ಮುಖಕ್ಕೆ ಮುಖ ಕೊಟ್ಟು ‘ನಿಧಾನ, ಉಸಿರು ಬಿಡು’ ಎಂದು ಕೈಸನ್ನೆ ಮಾಡಿದ. ಬಾಯಿಂದ ರೆಗ್ಯುಲೇಟರ್ ಜಾರದಂತೆ ಒತ್ತಿ ಹಿಡಿದು ಮೆಲ್ಲಗೆ ಮೇಲೆ ತಂದ. ಇವನೇಕೆ ಇಷ್ಟು ನಿಧಾನ ಮಾಡುತ್ತಿದ್ದಾನೆ ಎಂದು ನನಗೆ ಸಿಟ್ಟೇ ಬಂದಿತ್ತು.

ಕಾರಣ ಆಮೇಲೆ ತಿಳಿಯಿತು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗುತ್ತದೆ. ಉಸಿರಾಡುತ್ತಲೇ ಇದ್ದರೆ ಹೆಚ್ಚಿನ ಗಾಳಿ ಹೊರಹೋಗುತ್ತದೆ. ಉಸಿರು ಕಟ್ಟಿಕೊಂಡರೆ, ಅಥವಾ ಉಬ್ಬಸದಿಂದ ಸಣ್ಣ ಶ್ವಾಸನಾಳಗಳು ಮುಚ್ಚಿಕೊಂಡರೆ, ಒಳಗೆ ಸಿಕ್ಕ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳಿಗೂ ಹೋಗಬಹುದು. ಹಾಗಾದಾಗ ಮಲಗಿಸಿ ಶುದ್ಧ ಆಮ್ಲಜನಕ ಕೊಟ್ಟು, ಒತ್ತಡದ ಕೊಠಡಿ ಇರುವ ಆಸ್ಪತ್ರೆಗೆ ಸಾಗಿಸಬೇಕು. ಮುಂಬಯಿಯಲ್ಲಾದರೆ ಕೊಲಾಬಾದಲ್ಲಿ ನೌಕಾಪಡೆಯ ಐಎನ್‌ಎಚ್‌ಎಸ್ ಅಶ್ವಿನಿ ಇದೆ. ನಾವಿದ್ದದ್ದು ನಡುಗಡಲಲ್ಲಿ.

ದೋಣಿಯಲ್ಲಿ ಆಮ್ಲಜನಕ ಕೊಟ್ಟರು. ಇನ್‌ಹೇಲರ್ ಲಾಡ್ಜಿನ ಬ್ಯಾಗಿನಲ್ಲಿತ್ತು! ಆಗ ಮಾತ್ರ ನಾನು ಬಾಯಿಬಿಟ್ಟು ಉಬ್ಬಸದ ವಿಷಯ ಹೇಳಿದೆ. ಬೋಧಕ ಬೈಯಲಿಲ್ಲ. “ಮೊದಲೇ ಹೇಳಿದ್ರೆ ಡಾಕ್ಟರ್ ಹತ್ರ ಕೇಳ್ಕೊಂಡು ಬನ್ನಿ ಅಂತಿದ್ದೆ ಸಾರ್, ಅಷ್ಟೇ” ಅಂದ. ದಡ ಸೇರಿ ಭಟ್ಕಳದ ಡಾಕ್ಟರರಲ್ಲಿಗೆ ಹೋದೆವು. ಎದೆಯ ಎಕ್ಸ್‌ರೇ ಸರಿಯಾಗಿತ್ತು, ನೆಬುಲೈಸರ್‌ನಿಂದ ಉಸಿರು ಹದಕ್ಕೆ ಬಂತು.

ಆಫೀಸಿನಲ್ಲಿ, ಗೊತ್ತಿರುವ ದೋಷವನ್ನು ರಿಲೀಸಿಗೆ ಮೊದಲು ಮುಚ್ಚಿಟ್ಟವರನ್ನು ನಾನು ಗದರಿಸುತ್ತೇನೆ. ಅಂದು ನಾನು ಮಾಡಿದ್ದೂ ಅದೇ. ನೀರಿನ ಕೆಳಗಿನ ಚಿಕಿತ್ಸೆ ಅಂದರೆ ಹಿಡಿದುಕೊಳ್ಳುವುದು, ಉಸಿರಾಡಿಸುವುದು, ಮೆಲ್ಲಗೆ ಮೇಲೆ ತರುವುದು, ಇಷ್ಟೇ. ಉಳಿದದ್ದೆಲ್ಲ ದಡದಲ್ಲೇ ಆಗಬೇಕು, ಪೆನ್ನು ಕೈಯಲ್ಲಿರುವಾಗ.

“ನೀನು ಜೊತೆಗಿದ್ದೀ ಅಂತಲೇ ಅವರನ್ನ ಕಳಿಸಿದ್ದೆ” ಎಂದು ಅಕ್ಕ ಆಮೇಲೆ ಅಂದಳು. ಫಾರಂ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ಈ ಪತ್ರಿಕೆಯನ್ನು ಅವಳೂ ಓದುತ್ತಾಳೆ.