ಫೋನಿನ ಮೈ ಕಾದರೆ...

ಮಗುವಿನ ಹಣೆ ಬಿಸಿಯಾದರೆ ನಾವು ಹೆಂಗಸರು ಏನು ಮಾಡುತ್ತೇವೆ ಹೇಳಿ? ಕೈ ಇಟ್ಟು ನೋಡುತ್ತೇವೆ. ಬಿಸಿಲಲ್ಲಿ ಆಡಿ ಬಂದದ್ದಕ್ಕೋ, ಕಂಬಳಿ ಹೊದ್ದು ಮಲಗಿದ್ದಕ್ಕೋ, ನಿಜವಾಗಿ ಜ್ವರವೋ ಅಂತ ಒಂದು ಕ್ಷಣ ಯೋಚಿಸುತ್ತೇವೆ. ಆಮೇಲೆಯೇ ಔಷಧಿಯ ಮಾತು. ಆದರೆ ಫೋನು ಬಿಸಿಯಾದರೆ ಮಾತ್ರ ಇಷ್ಟು ವಿವೇಕ ಯಾರಿಗೂ ಇರುವುದಿಲ್ಲ ನೋಡಿ! "ಹಳೇದಾಯ್ತು, ಹೊಸದು ತಗೊಳ್ಳಿ" ಅಂತ ಒಬ್ಬರು. "ವೈರಸ್ ಹೊಕ್ಕಿದೆ" ಅಂತ ಇನ್ನೊಬ್ಬರು. ಈಗ ಮೂರನೆಯದೊಂದು ಪಂಗಡ ಹುಟ್ಟಿಕೊಂಡಿದೆ: "ಬ್ರೌಸರು ಬದಲಾಯಿಸಿ ಅತ್ತೆ, ತಣ್ಣಗಾಗುತ್ತೆ." ನಮ್ಮ ಮನೆಯಲ್ಲಿ ಈ ಮಾತು ಹೇಳಿದ್ದು ಬೆಂಗಳೂರಿನಿಂದ ರಜೆಗೆ ಬಂದಿದ್ದ ನಾದಿನಿಯ ಮಗ.

ಬ್ರೌಸರು ಅಂದರೆ ಗೊತ್ತಲ್ಲ? ಅಡಿಕೆ ಧಾರಣೆ ನೋಡಲು, ಮಗಳ ಪರೀಕ್ಷೆಯ ಫಲಿತಾಂಶ ನೋಡಲು, ಹೋಳಿಗೆಯ ಹದ ಹುಡುಕಲು ನಾವು ತೆರೆಯುತ್ತೇವಲ್ಲ, ಆ ಕಿಟಕಿ. ಕ್ರೋಮ್, ಫೈರ್‌ಫಾಕ್ಸ್, ಒಪೇರಾ, ಬ್ರೇವ್ ಅಂತ ಅದಕ್ಕೆ ಹಲವು ಹೆಸರು. ಕಿಟಕಿ ಬದಲಾಯಿಸಿದರೆ ಮನೆಯ ಸೆಖೆ ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ.

ಇದೇನು ದೊಡ್ಡ ವಿಷಯ, ಪೇಟೆಯವರ ಹರಟೆ ಅಂತೀರಾ? ಕಡಹಿನಬೈಲಿನ ಕಡೆಗೊಮ್ಮೆ ಬಂದು ನೋಡಿ. ಹೆಸರಿನಲ್ಲೇ ಬೈಲು ಇದೆ. ಸುತ್ತ ಗುಡ್ಡ, ನಡುವೆ ತಗ್ಗಿನಲ್ಲಿ ಗದ್ದೆ, ತೋಟ, ತೋಟದ ತಲೆಯ ಮೇಲೆ ಮನೆ. ನರಸಿಂಹರಾಜಪುರಕ್ಕೆ ಹೋಗಬೇಕಾದರೂ, ಕೊಪ್ಪಕ್ಕೆ ಹೋಗಬೇಕಾದರೂ ದಾರಿ ಕಾಡಿನ ನಡುವೆಯೇ. ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಮುಗಿಯಿತು, ಕರೆಂಟು ಎರಡು ದಿನವೋ ಮೂರು ದಿನವೋ, ದೇವರೇ ಬಲ್ಲ. ನಮ್ಮ ಅತ್ತೆಯವರಿಗೆ ಉಬ್ಬಸ. ಆರಿದ್ರಾ ಮಳೆ ಹಿಡಿಯಿತೆಂದರೆ ರಾತ್ರಿ ಎದ್ದು ಕೂರುತ್ತಾರೆ. ಅಂಥ ರಾತ್ರಿ ಪಕ್ಕದೂರಿನ ಜೀಪಿನವನಿಗೆ ಕರೆ ಮಾಡಬೇಕಾದರೆ ಇರುವುದು ಇದೊಂದೇ ಸಾಧನ. ಸಂಜೆ ಐದಕ್ಕೆ ಕೈ ಸುಡುವಷ್ಟು ಕಾದು, ಏಳಕ್ಕೆ ಬ್ಯಾಟರಿ ಹತ್ತಕ್ಕೆ ಇಳಿದರೆ ಎದೆ ಧಸಕ್ಕೆನ್ನುತ್ತದೆ. ಬಿಸಿ ಎಂದರೆ ಏನು? ಬ್ಯಾಟರಿಯೊಳಗಿನ ಶಕ್ತಿ ಕೆಲಸ ಮಾಡಿ ಹೊರಬೀಳುವ ರೂಪವೇ ಅದು. ಫೋನು ಎಷ್ಟು ಕಾಯುತ್ತದೋ ಅಷ್ಟು ಬೇಗ ಬರಿದಾಗುತ್ತದೆ.

ಹಾಗಾಗಿ ನಾನು ಅಡುಗೆಮನೆಯ ಬುದ್ಧಿಯಲ್ಲೇ ಪರೀಕ್ಷೆಗೆ ಇಳಿದೆ. ಎರಡು ಬಗೆಯ ಬೆಲ್ಲದ ಪಾಕ ನೋಡಬೇಕಾದರೆ ಒಲೆ ಅದೇ, ಪಾತ್ರೆ ಅದೇ, ನೀರಿನ ಅಳತೆ ಅದೇ ಇರಬೇಕು, ಬೆಲ್ಲ ಮಾತ್ರ ಬೇರೆ, ಅಲ್ಲವೇ? ಅದೇ ರೀತಿ. ಪರದೆಯ ಬೆಳಕು ಅಷ್ಟೇ ಇಟ್ಟು, ಒಂದೇ ಕೋಣೆಯಲ್ಲಿ ಕೂತು, ಅದೇ ಧಾರಣೆಯ ಪುಟವನ್ನು ಅರ್ಧ ಗಂಟೆ ಕ್ರೋಮಿನಲ್ಲಿ, ತಣ್ಣಗಾದ ಮೇಲೆ ಇನ್ನರ್ಧ ಗಂಟೆ ಬೇರೊಂದರಲ್ಲಿ ತೆರೆದಿಟ್ಟೆ. ಅತ್ತೆಯವರು ಜಗಲಿಯಿಂದ, "ಇವಳಿಗೆ ಕೆಲಸವಿಲ್ಲ" ಅಂದರು. ಅನ್ನಲಿ.

ಎರಡನೆಯದಾಗಿ ಹಾಕಿಕೊಂಡದ್ದರಲ್ಲಿ ಕೈಗೆ ತಿಳಿಯುವಂಥ ವ್ಯತ್ಯಾಸವೇ ಕಾಣಲಿಲ್ಲ. ಅದಕ್ಕೆ ಕಾರಣವೂ ಇದೆ. ಆಂಡ್ರಾಯ್ಡ್ ಫೋನುಗಳಲ್ಲಿ ಕ್ರೋಮ್, ಎಡ್ಜ್, ಒಪೇರಾ, ಬ್ರೇವ್, ಸ್ಯಾಮ್‌ಸಂಗ್ ಇಂಟರ್‌ನೆಟ್ ಇವೆಲ್ಲದರ ಹೊಟ್ಟೆಯೊಳಗಿರುವ ಯಂತ್ರ ಒಂದೇ, ಕ್ರೋಮಿಯಂ ಎಂಬುದು. ಹೊರಗಿನ ಬಣ್ಣ, ಗುಂಡಿಗಳ ಜಾಗ ಬೇರೆ, ಅಷ್ಟೇ. ಒಂದೇ ಹಿಟ್ಟಿನಲ್ಲಿ ದೋಸೆಯನ್ನೂ ಪಡ್ಡನ್ನೂ ಹೊಯ್ದ ಹಾಗೆ. ಫೈರ್‌ಫಾಕ್ಸಿನ ಯಂತ್ರ ಮಾತ್ರ ಪ್ರತ್ಯೇಕ, ಅದರ ಹೆಸರು ಗೆಕ್ಕೋ. ಇನ್ನು ಐಫೋನಿರುವ ಪುಣ್ಯವಂತರಿಗೆ ಈ ಚರ್ಚೆಯೇ ಬೇಡ. ನಮ್ಮ ದೇಶದ ಐಫೋನುಗಳಲ್ಲಿ ಯಾವ ಹೆಸರಿನ ಬ್ರೌಸರು ಹಾಕಿದರೂ ಒಳಗೆ ಆಪಲ್‌ನವರ ವೆಬ್‌ಕಿಟ್ ಯಂತ್ರವೇ ಕೂತಿರುತ್ತದೆ. ಯುರೋಪಿನ ಒಕ್ಕೂಟದವರು ಮಾಡಿದ ಕಾನೂನಿನಿಂದಾಗಿ 2024ರಲ್ಲಿ ಅಲ್ಲಿನವರಿಗೆ ಆ ಕಟ್ಟು ಸಡಿಲವಾಯಿತು. ನಮಗೆ ಇನ್ನೂ ಇಲ್ಲ.

ಹಾಗಾದರೆ ಹುಡುಗ ಹೇಳಿದ್ದು ಪೂರ್ತಿ ಸುಳ್ಳೇ? ಅಲ್ಲ! ಇಲ್ಲೇ ಸ್ವಾರಸ್ಯವಿರುವುದು. ಮೂರನೆಯ ಸಲ ಫೈರ್‌ಫಾಕ್ಸ್ ಹಾಕಿ, ಅದರೊಳಗೆ ಜಾಹೀರಾತು ತಡೆಯುವ ಒಂದು ಪುಟ್ಟ ಸಲಕರಣೆಯನ್ನೂ ಸೇರಿಸಿ ಅದೇ ಪುಟ ತೆರೆದೆ. ಅಬ್ಬ! ಪುಟವೇ ಬೇರೆಯಾಗಿ ಕಂಡಿತು. ಮೂರು ಸಾಲು ಧಾರಣೆ ನೋಡಲು ಮೊದಲು ಎಷ್ಟು ಸರ್ಕಸ್ಸು ನೋಡುತ್ತಿದ್ದೆವು ಅಂತ ಆಗಲೇ ತಿಳಿದದ್ದು. ಮೇಲೊಂದು ಕುಣಿಯುವ ಚಿತ್ರ, ಕೆಳಗೊಂದು ತಾನಾಗಿ ಓಡುವ ವಿಡಿಯೋ, ನಡುವೆ ಸಾಲದ ಜಾಹೀರಾತು, ಮೂಲೆಯಲ್ಲಿ "ನೀವು ಗೆದ್ದಿದ್ದೀರಿ" ಅನ್ನುವ ಮೋಸ. ಇವೆಲ್ಲ ಬರೀ ಚಿತ್ರಗಳಲ್ಲ ಗೆಳತಿಯರೇ. ಒಂದೊಂದರ ಹಿಂದೆಯೂ ಒಂದು ಸಣ್ಣ ಕಾರ್ಯಕ್ರಮ ಓಡುತ್ತಿರುತ್ತದೆ. ನೀವು ಎಲ್ಲಿ ಮುಟ್ಟಿದಿರಿ, ಎಷ್ಟು ಹೊತ್ತು ನಿಂತಿರಿ ಅಂತ ಲೆಕ್ಕ ಬರೆಯುತ್ತಿರುತ್ತದೆ. ಆ ದುಡಿಮೆಯೆಲ್ಲ ಯಾರ ಬ್ಯಾಟರಿಯಲ್ಲಿ? ನಮ್ಮದರಲ್ಲಿ! ಅವುಗಳನ್ನು ಬಾಗಿಲಲ್ಲೇ ತಡೆದಾಗ ಫೋನಿನ ಬೆನ್ನು ಉಗುರುಬೆಚ್ಚಗೆ ಮಾತ್ರ ಇತ್ತು. ಬ್ರೇವ್ ಎಂಬುದರಲ್ಲಿ ಈ ತಡೆ ಮೊದಲಿನಿಂದಲೇ ಇರುತ್ತದೆ, ಪ್ರತ್ಯೇಕ ಹಾಕಬೇಕಾಗಿಲ್ಲ. ಕ್ರೋಮಿನಲ್ಲಿ ಮಾತ್ರ ಫೋನಿನ ಮೇಲೆ ಇಂಥ ಸಲಕರಣೆ ಸೇರಿಸಲು ಬರುವುದಿಲ್ಲ. ಎಂದರೆ ಕಿಟಕಿಯ ಚೌಕಟ್ಟಿನಿಂದ ಆದ ಲಾಭವಲ್ಲ ಇದು. ಕಿಟಕಿಗೆ ಸೊಳ್ಳೆಪರದೆ ಹಾಕಿದ್ದರ ಲಾಭ.

(ಒಂದು ನ್ಯಾಯದ ಮಾತು: ಜಾಹೀರಾತಿನಿಂದಲೇ ಹೊಟ್ಟೆ ಹೊರೆಯುವ ಪತ್ರಿಕೆಗಳೂ ಇವೆ. ನನಗೆ ಬೇಕಾದ ಒಂದೆರಡಕ್ಕೆ ನಾನು ತಡೆ ತೆಗೆದಿದ್ದೇನೆ.)

ಪುಟವೊಂದೇ ಫೋನನ್ನು ಸುಡಬಲ್ಲದು ಎಂಬುದಕ್ಕೆ ಇನ್ನೂ ದೊಡ್ಡ ಸಾಕ್ಷಿ ಇದೆ. 2017ರಲ್ಲಿ ಕಾಯಿನ್‌ಹೈವ್ ಎಂಬ ಒಂದು ಸೇವೆ ಶುರುವಾಯಿತು. ಯಾರಾದರೂ ತಮ್ಮ ಪುಟದೊಳಗೆ ಅದರ ನಾಲ್ಕು ಸಾಲು ಸೇರಿಸಿಟ್ಟರೆ, ಪುಟ ನೋಡಲು ಬಂದವರ ಯಂತ್ರವೆಲ್ಲ ಗುಟ್ಟಾಗಿ ಲೆಕ್ಕ ಮಾಡಿ ಮೊನೇರೋ ಎಂಬ ಡಿಜಿಟಲ್ ನಾಣ್ಯ ದುಡಿದು ಅವರಿಗೆ ಕೊಡುತ್ತಿತ್ತು. ಪುಟ ತೆರೆದಿರುವಷ್ಟು ಹೊತ್ತೂ ಫೋನು ಗಾಣದೆತ್ತಿನಂತೆ ತಿರುಗಬೇಕು! ಎಷ್ಟೋ ಕಡೆ ಪುಟದ ಯಜಮಾನರಿಗೇ ತಿಳಿಯದಂತೆ ಕಳ್ಳರು ಅದನ್ನು ತುರುಕಿದ್ದರು. 2019ರ ಮಾರ್ಚಿನಲ್ಲಿ ಆ ಸೇವೆ ಮುಚ್ಚಿತು. ಆದರೆ ಪಾಠ ಉಳಿದಿದೆ. ಸುಮ್ಮನೆ ಓದುವ ಪುಟದಲ್ಲಿ ಫೋನು ವಿಪರೀತ ಕಾದರೆ ಮೊದಲು ಆ ಪುಟವನ್ನು ಮುಚ್ಚಿ. ಮುಚ್ಚುವುದೆಂದರೆ ಹೊರಗೆ ಬರುವುದಲ್ಲ, ಅಡ್ಡಗೆರೆ ಒತ್ತಿ ತೆಗೆದೇ ಹಾಕುವುದು. ನಮ್ಮ ಮನೆಯ ಫೋನಿನಲ್ಲಿ ಒಮ್ಮೆ ಎಣಿಸಿದೆ, ಮಕ್ಕಳು ತೆರೆದುಬಿಟ್ಟ ಪುಟಗಳು ಅರವತ್ತಕ್ಕೂ ಮೇಲಿದ್ದವು. ಎಲ್ಲವೂ ಓಡುತ್ತಿರುವುದಿಲ್ಲ, ಹೆಚ್ಚಿನವು ನಿದ್ದೆ ಮಾಡುತ್ತಿರುತ್ತವೆ, ನಿಜ. ಆದರೂ ಇಷ್ಟು ಜನ ಯಾಕೆ ಜಗಲಿಯಲ್ಲಿ?

ಈಗ ನನ್ನ ಪರೀಕ್ಷೆಯ ಕೊನೆಯ ಭಾಗ. ಇದು ಪೇಟೆಯ ಹುಡುಗನಿಗೆ ಹೊಳೆಯುವಂಥದ್ದಲ್ಲ. ಅದೇ ಫೋನು, ಅದೇ ಬ್ರೌಸರು, ಅದೇ ಪುಟ. ಒಳಕೋಣೆಯಲ್ಲಿ ಕೂರುವ ಬದಲು ಉಪ್ಪರಿಗೆಯ ಕಿಟಕಿಯ ಹತ್ತಿರ ಹೋಗಿ ಕೂತೆ. ಅಲ್ಲಿ ಸಿಗ್ನಲಿನ ಮೂರು ಕಡ್ಡಿ, ಒಳಕೋಣೆಯಲ್ಲಿ ಅರ್ಧ ಕಡ್ಡಿ. ಎಷ್ಟು ಬೇಗ ವ್ಯತ್ಯಾಸ ತಿಳಿಯಿತು ಅಂತೀರಿ! ಬ್ರೌಸರು ಬದಲಾಯಿಸಿದ್ದಕ್ಕಿಂತ ಜಾಗ ಬದಲಾಯಿಸಿದ್ದೇ ಹೆಚ್ಚು ಫಲ ಕೊಟ್ಟಿತು.

ಯಾಕೆಂದರೆ ಫೋನೂ ನಮ್ಮ ಹಾಗೆಯೇ. ಹತ್ತಿರದಲ್ಲಿದ್ದವರೊಡನೆ ಪಿಸುಗುಟ್ಟಿದರೆ ಸಾಕು, ತೋಟದ ಆಚೆ ತುದಿಯಲ್ಲಿರುವವರನ್ನು ಕರೆಯಬೇಕಾದರೆ ಗಂಟಲು ಹರಿಯುವಂತೆ ಕೂಗಬೇಕು. ಟವರು ದೂರವಿದ್ದಷ್ಟೂ, ಗುಡ್ಡವೋ ದಪ್ಪ ಮಣ್ಣುಗೋಡೆಯೋ ಅಡ್ಡವಿದ್ದಷ್ಟೂ ಫೋನು ತನ್ನ ದನಿ ಏರಿಸುತ್ತದೆ. ಟವರು ಸಿಗದೇ ಹೋದರಂತೂ ಮತ್ತೆ ಮತ್ತೆ ಹುಡುಕುತ್ತದೆ. ಕೆಲಸವಿಲ್ಲದೆ ಮೇಜಿನ ಮೇಲೆ ಬಿದ್ದಿದ್ದರೂ ಹುಡುಕುತ್ತದೆ! ಕರೆಂಟು ಹೋಗಿ ಟವರಿನ ಬ್ಯಾಟರಿಯೂ ತೀರಿದ ಮಳೆಗಾಲದ ದಿನ ನಿಮ್ಮ ಫೋನು ಯಾರೂ ಮುಟ್ಟದೆಯೇ ಯಾಕೆ ಬರಿದಾಗುತ್ತದೆ ಅಂತ ಈಗ ತಿಳಿಯಿತೇ? ಅಂಥ ಹೊತ್ತು ಅದನ್ನು ವಿಮಾನದ ಗುರುತಿಗೆ ಹಾಕಿಟ್ಟು, ಬೇಕಾದಾಗ ಮಾತ್ರ ತೆರೆದು ನೋಡುವುದು ಜಾಣತನ. ಮನೆಗೆ ಫೈಬರಿನ ವೈಫೈ ಬಂದಿದ್ದರೆ ಇನ್ನೂ ಒಳ್ಳೆಯ ಉಪಾಯವುಂಟು. 2019ರ ಕೊನೆಯಿಂದ ನಮ್ಮ ದೇಶದಲ್ಲೂ ವೈಫೈ ಮೂಲಕವೇ ಕರೆ ಮಾಡುವ ಸೌಕರ್ಯ ಬಂದಿದೆ. ಸೆಟ್ಟಿಂಗಿನಲ್ಲಿ ಅದನ್ನು ತೆರೆದಿಟ್ಟರೆ ಫೋನು ಗುಡ್ಡದಾಚೆಯ ಟವರನ್ನು ಕೂಗಬೇಕಾಗಿಲ್ಲ. ಕರೆಂಟಿದ್ದಾಗ ಮಾತ್ರ ಅನ್ನಿ.

2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಫೋನಿಗೆ ಬಂದಾಗ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಕೂತು ಕೇಳಿದ್ದು ನಿಮಗೆ ನೆನಪಿರಬಹುದು. ಆಗ ಫೋನುಗಳು ಕಾದು ಕಾದು ನಿಂತುಹೋಗುತ್ತಿದ್ದವು. ವಿಡಿಯೋ, ಕ್ಯಾಮೆರಾ, ದುರ್ಬಲ ಸಿಗ್ನಲು, ಪೂರ್ತಿ ಬೆಳಕು, ನಾಲ್ಕೂ ಒಟ್ಟಿಗೆ! ಯಾವ ಬ್ರೌಸರು ತಾನೇ ಕಾಪಾಡೀತು?

ಇನ್ನು ಬಿಸಿಯಾದ ಫೋನಿಗೆ ಏನು ಉಪಚಾರ? ಮೊದಲು ರಬ್ಬರಿನ ಕವಚ ಕಳಚಿ. ಫೋನಿನಲ್ಲಿ ಫ್ಯಾನಿಲ್ಲ, ಒಳಗಿನ ಕಾವು ಬೆನ್ನಿನಿಂದಲೇ ಹೊರಹೋಗಬೇಕು. ಕವಚವೆಂದರೆ ಅದಕ್ಕೆ ಕಂಬಳಿ. ಚಾರ್ಜಿಗೆ ಹಾಕಿ ವಿಡಿಯೋ ನೋಡುವುದಂತೂ ಎರಡು ಒಲೆಯ ನಡುವೆ ಕೂರಿಸಿದಂತೆ. ಚಾರ್ಜು ತುಂಬುವಾಗಲೂ ಬ್ಯಾಟರಿ ಕಾಯುತ್ತದೆ, ಬಳಸುವಾಗಲೂ ಕಾಯುತ್ತದೆ. ಒಲೆದಂಡೆ, ಜೀಪಿನ ಗಾಜಿನ ಹಿಂದೆ, ದಿಂಬಿನ ಅಡಿ, ಇವು ಫೋನಿಡುವ ಜಾಗಗಳಲ್ಲ. ಆಪಲ್‌ನವರು ತಮ್ಮ ಫೋನನ್ನು 35 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಸೆಖೆಯಲ್ಲಿ ಬಳಸಬೇಡಿ ಎಂದೇ ಹೇಳುತ್ತಾರೆ. ಮಾರ್ಚಿ ಏಪ್ರಿಲಿನಲ್ಲಿ ಅಂಗಳದ ಬಿಸಿಲು ಅದನ್ನು ಸುಲಭವಾಗಿ ದಾಟುತ್ತದೆ.

ಆದರೆ ದಯವಿಟ್ಟು ಫ್ರಿಜ್ಜಿನೊಳಗೆ ಇಡಬೇಡಿ! ಹಾಗೆ ಮಾಡುವವರಿದ್ದಾರೆ, ನಗಬೇಡಿ. ತಣ್ಣನೆಯ ಚೊಂಬಿನ ಹೊರಮೈಗೆ ಹನಿ ಕೂರುವುದಿಲ್ಲವೇ? ಫ್ರಿಜ್ಜಿನಿಂದ ಹೊರತೆಗೆದಾಗ ನಮ್ಮ ಒದ್ದೆ ಹವೆಯಲ್ಲಿ ಫೋನಿಗೂ ಹಾಗೇ, ಒಳಗೂ ಹೊರಗೂ. ನೆರಳಿನಲ್ಲಿ ಗಾಳಿಯಾಡುವ ಕಡೆ, ಕಡಪ ಕಲ್ಲಿನ ಮೇಲಿಟ್ಟರೆ ಸಾಕು. ಫೋನೇ ತನ್ನ ವೇಗ ತಗ್ಗಿಸಿಕೊಂಡು, ಬೇಕಾದರೆ ಚಾರ್ಜು ನಿಲ್ಲಿಸಿಕೊಂಡು ಸುಧಾರಿಸುತ್ತದೆ. ಅದು ನಿಧಾನವಾಯಿತೆಂದು ಮತ್ತೆ ಮತ್ತೆ ಒತ್ತಬೇಡಿ.

ಬಿಸಿಯ ನಿಜವಾದ ನಷ್ಟ ಅಂದಂದಿನದಲ್ಲ. ಇವುಗಳಲ್ಲಿರುವ ಲಿಥಿಯಂ ಬ್ಯಾಟರಿ ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಜಪಾನಿನಿಂದ. ಅದನ್ನು ರೂಪಿಸಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೋ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಅಷ್ಟು ದೊಡ್ಡವರ ಕೂಸಾದರೂ ಅದಕ್ಕೆ ಸೆಖೆ ಆಗದು. ದಿನವೂ ಕಾಯುತ್ತಿದ್ದರೆ ಒಳಗಿನ ರಸಾಯನ ಬೇಗ ಹಣ್ಣಾಗಿ, ತುಂಬಿಕೊಳ್ಳುವ ಶಕ್ತಿಯೇ ಕುಂದುತ್ತದೆ. ಎರಡೇ ವರ್ಷದಲ್ಲಿ "ಹೊಸ ಫೋನು ಬೇಕು" ಅನ್ನುವ ರಾಗ ಆಗಲೇ ಶುರುವಾಗುವುದು. ಹತ್ತು ಹದಿನೈದು ಸಾವಿರ ಅಂದರೆ ನಮ್ಮಂಥ ಮನೆಗಳಲ್ಲಿ ಸಣ್ಣ ಮಾತೇ? ಮಗಳ ಹಾಸ್ಟೆಲಿನ ಒಂದು ಕಂತು ಅದು. ಹಣ್ಣಾಗಿರುವುದು ಬ್ಯಾಟರಿ ಮಾತ್ರವಾಗಿದ್ದರೆ ಬ್ಯಾಟರಿಯನ್ನಷ್ಟೇ ಬದಲಾಯಿಸಿಕೊಳ್ಳಬಹುದು. ನಾವು ಮಾಡಿದ್ದೂ ಅದೇ. ಎನ್. ಆರ್. ಪುರದ ಒಂದು ಅಂಗಡಿಯಲ್ಲಿ ಕೊಟ್ಟೆವು, ಸಂಜೆಗೆ ಕೈಗೆ ಬಂತು.

ಆದರೆ ಫೋನಿನ ಬೆನ್ನು ಉಬ್ಬಿ, ಪರದೆ ಅಂಚಿನಲ್ಲಿ ಎದ್ದಿದ್ದರೆ ಅದು ಬೇರೆಯೇ ಲಕ್ಷಣ. ಒಳಗೆ ಅನಿಲ ತುಂಬಿದೆ ಎಂದರ್ಥ. ಅದನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಒತ್ತಬಾರದು, ಸೂಜಿ ಚುಚ್ಚಿ ನೋಡುವ ಧೈರ್ಯವಂತೂ ಬೇಡವೇ ಬೇಡ. 2016ರಲ್ಲಿ ಸ್ಯಾಮ್‌ಸಂಗಿನ ಗ್ಯಾಲಕ್ಸಿ ನೋಟ್ 7 ಎಂಬ ಫೋನು ಬ್ಯಾಟರಿಯ ದೋಷದಿಂದಲೇ ಹೊತ್ತಿಕೊಂಡು, ಕಂಪನಿಯೇ ಜಗತ್ತಿನಾದ್ಯಂತ ಅದನ್ನು ವಾಪಸು ಪಡೆಯಬೇಕಾಯಿತು. ಉಬ್ಬಿದ ಫೋನನ್ನು ಆರಿಸಿ, ಮಕ್ಕಳ ಕೈಗೆಟುಕದ ಕಡೆ, ಹುಲ್ಲು ಅಡಿಕೆಸಿಪ್ಪೆ ಕಟ್ಟಿಗೆ ಯಾವುದೂ ಹತ್ತಿರವಿಲ್ಲದ ಜಾಗದಲ್ಲಿಟ್ಟು, ಪೇಟೆಗೆ ಹೋಗುವವರ ಕೈಯಲ್ಲಿ ರಿಪೇರಿ ಅಂಗಡಿಗೆ ಕಳಿಸಿ. ಹಳೆಯ ಬ್ಯಾಟರಿಯನ್ನು ಅಲ್ಲೇ ಬಿಟ್ಟು ಬರಲಿ. ಬಚ್ಚಲೊಲೆಗೋ ಗೊಬ್ಬರಗುಂಡಿಗೋ ಎಸೆಯುವ ವಸ್ತುವಲ್ಲ ಅದು.